ಮೇಲುಗೂದಲು

ನೀರು ಬಿದ್ದ ಕೂಡಲೇ ನಾಯಿಯ ಮೈಯಿಂದ ಎದ್ದ ವಾಸನೆಗೆ ಜಗನ್ನಾಥ ಉಸಿರನ್ನು ಅರ್ಧಕ್ಕೆ ಹಿಡಿದ. ಒದ್ದೆ ಗೋಣಿಚೀಲ, ಹಳಸಿದ ಅನ್ನ, ಮಳೆಗಾಲದಲ್ಲಿ ಒಣಗದೆ ಉಳಿದ ಬನಿಯನ್ನು, ಇವನ್ನೆಲ್ಲ ಒಂದು ಡಬ್ಬಿಯಲ್ಲಿ ಮುಚ್ಚಿಟ್ಟು ವಾರದ ಮೇಲೆ ತೆರೆದ ಹಾಗಿತ್ತು. ಮನೆಗೂ ಕಾಂಪೌಂಡಿಗೂ ನಡುವಿನ ಮೂರಡಿ ಓಣಿಯಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಂತಿದ್ದ ಸಿಲ್ಕಿ ನೆನೆಯುತ್ತ ನೆನೆಯುತ್ತ ಅರ್ಧಕ್ಕರ್ಧ ಕುಗ್ಗಿತು. ಇಷ್ಟು ದಿನ ಹತ್ತಿಯ ಮೂಟೆಯಂತೆ ಮನೆ ತುಂಬ ಉರುಳಾಡುತ್ತಿದ್ದದ್ದು ಇಷ್ಟೇ ಏನು ಎನ್ನಿಸುವಂತೆ, ಇಲಿಯಂಥ ಕುತ್ತಿಗೆ, ಎಣಿಸಬಹುದಾದ ಪಕ್ಕೆಲುಬು. ಕಣ್ಣಿನ ಕೆಳಗೆ ಕಂದು ಪಿಸುರು ಮೆತ್ತಿಕೊಂಡು ಒಣಗಿತ್ತು. ಅವನು ಎಡಗೈಗೆ ಹಾಲಿನ ಅಂಗಡಿಯ ಪ್ಲಾಸ್ಟಿಕ್ ಕವರೊಂದನ್ನು ತೊಟ್ಟು ಮಣಿಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿಕೊಂಡಿದ್ದ. ಆ ಕೈಯಲ್ಲಿ ಮುಟ್ಟುವುದು, ಬರಿಗೈಯಲ್ಲಿ ಚೊಂಬು ಹಿಡಿಯುವುದು ಎಂದು ಲೆಕ್ಕ ಹಾಕಿದ್ದ. ನಾಲ್ಕು ಗಂಟೆಗೆ ನಾಯಿಯನ್ನು ಕೊಂಡೊಯ್ಯುವವರು ನೋಡಲು ಬರುತ್ತಾರೆ. ಈಗ ಹನ್ನೊಂದು. ಐದು ಗಂಟೆ ಕಳೆದರೆ ಈ ಮನೆಯಲ್ಲಿ ಈ ವಾಸನೆ ಇರುವುದಿಲ್ಲ ಎಂದುಕೊಂಡು ಇನ್ನೊಂದು ಚೊಂಬು ಸುರಿದ.

ಅಡುಗೆಮನೆಯ ಕಿಟಕಿಯ ಗ್ರಿಲ್ಲಿನ ಆಚೆ ವತ್ಸಲಾ ಹುರುಳಿಕಾಯಿ ಮುರಿಯುತ್ತಿದ್ದಳು. ಬಲಗೈಗೆ ಮೊಣಕೈವರೆಗೂ ಸಿಮೆಂಟಿನ ಬ್ಯಾಂಡೇಜು, ಎಡಗೈಯಲ್ಲಿ ಒಂದೊಂದೇ ಕಾಯಿ. ಓಣಿಗೆ ಬರುವುದಿಲ್ಲ ಎಂದು ಬೆಳಿಗ್ಗೆಯೇ ಹೇಳಿದ್ದಳು.

"ರೀ, ಮೊದಲು ಸಿಕ್ಕು ಬಿಡಿಸಿದ್ರಾ?"

"ಬಿಡಿಸಿದೆ."

"ಒಣಗಿದ್ದಾಗಲೇ ಬಿಡಿಸ್ಬೇಕು. ನೀರು ಬಿದ್ಮೇಲೆ ಕಂಬಳಿ ಥರ ಬಿಗಿದುಬಿಡತ್ತೆ, ಆಮೇಲೆ ಬಾಚಣಿಗೆ ಇಳಿಯಲ್ಲ."

"ಗೊತ್ತು ಕಣೇ. ಬಿಡಿಸಿದೆ ಅಂದ್ನಲ್ಲ."

ಬಿಡಿಸಿರಲಿಲ್ಲ. ಆರು ವಾರದಿಂದ ದಿನಾ ಸಂಜೆ ಅವಳು ಇದೇ ಕಿಟಕಿಯಿಂದಲೋ ಹಜಾರದ ಕುರ್ಚಿಯಿಂದಲೋ "ಬಾಚಿದ್ರಾ" ಎಂದು ಕೇಳುತ್ತಿದ್ದಳು, ಅವನು "ಬಾಚಿದೆ" ಎನ್ನುತ್ತಿದ್ದ. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ನಾಯಿಯನ್ನು ಬಾಗಿಲ ಹೊರಗೆ ನಿಲ್ಲಿಸಿ, ತೋಳನ್ನು ಉದ್ದಕ್ಕೆ ಚಾಚಿ, ಮುಖ ತಿರುಗಿಸಿಕೊಂಡು, ಬೆನ್ನ ಮೇಲೆ ಬಾಚಣಿಗೆಯನ್ನು ಹತ್ತು ಸಲ ಹರಿಸುತ್ತಿದ್ದ. ಮೇಲುಗೂದಲು ನುಣ್ಣಗೆ ಮಲಗುತ್ತಿತ್ತು. ಬುಡದವರೆಗೆ ಇಳಿಸಬೇಕು, ಪದರ ಪದರ ಎತ್ತಿ ಬಾಚಬೇಕು, ಕಿವಿಯ ಹಿಂದೆ, ಕಂಕುಳಲ್ಲಿ, ತೊಡೆಯ ಸಂದಿಯಲ್ಲಿ ಬೆರಳು ಹಾಕಿ ನೋಡಬೇಕು ಎಂದು ಕೈ ಮುರಿದ ದಿನವೇ ವತ್ಸಲಾ ಹೇಳಿಕೊಟ್ಟಿದ್ದಳು. ಬೆರಳು ಹಾಕುವುದು ಎಂಬ ಮಾತಿಗೇ ಅವನು ಬೆರಳುಗಳನ್ನು ಅಂಗೈಯೊಳಕ್ಕೆ ಮಡಚಿಕೊಂಡಿದ್ದ. ಮೂವತ್ತನಾಲ್ಕು ವರ್ಷ ಕಚೇರಿಯಲ್ಲಿ ಅವನು ಕಲಿತದ್ದೂ ಅದೇ ಅಲ್ಲವೇ, ಮೇಲಿನ ಹಾಳೆ ಚೊಕ್ಕವಾಗಿದ್ದರೆ ಸಾಹೇಬರು ಒಳಗಿನ ಹಾಳೆ ತಿರುವುವುದಿಲ್ಲ. ಸೂಪರಿಂಟೆಂಡೆಂಟ್ ಆಗಿ ನಿವೃತ್ತನಾದ ದಿನ ಎಲ್ಲರೂ ಅವನ ಫೈಲುಗಳ ಅಚ್ಚುಕಟ್ಟನ್ನೇ ಹೊಗಳಿದ್ದರು. ಹಾರದ ಮಲ್ಲಿಗೆ ಸೆಕೆಗೆ ಕಂದಿ ಬೆವರಿನೊಂದಿಗೆ ಸೇರಿ ಕೊಳೆತಂತೆ ನಾರುತ್ತಿತ್ತು, ಭಾಷಣ ಮುಗಿಯುವ ತನಕ ಅವನು ಬಾಯಲ್ಲಿ ಉಸಿರಾಡಿದ್ದ.

"ಏನ್ರೀ, ಹೆಣ್ಣು ನೋಡೋಕೆ ಬರ್ತಿದಾರೆ, ಉಪ್ಪಿಟ್ಟು ಕೇಸರಿಬಾತ್ ಮಾಡ್ಬೇಕೋ ಬರೀ ಕಾಫಿ ಸಾಕೋ?"

ಅವಳ ದನಿಯಲ್ಲಿ ನಗುವಿತ್ತು, ಅದರ ಅಡಿಯಲ್ಲಿ ಏನಿತ್ತೋ ಅವನು ಹುಡುಕಲು ಹೋಗಲಿಲ್ಲ. "ಕಾಫಿ ಸಾಕು" ಎಂದ.

"ನನ್ನನ್ನ ನೋಡೋಕೆ ಬಂದಾಗ ನಿಮ್ಮಮ್ಮ ಜಡೆ ಹಿಡಿದು ಎಳೆದು ನೋಡಿದ್ರು, ಚವರಿ ಸೇರಿಸಿದಾರಾ ಅಂತ. ಇವರೂ ಎಳೆದು ನೋಡ್ತಾರೇನೋ. ಗಟ್ಟಿ ನಿಲ್ಲೋಕೆ ಹೇಳಿರಿ ಅದಕ್ಕೆ."

ರಾಜಾಜಿನಗರದ ಅವಳ ತವರಿನ ನಡುಮನೆ, ಕೆಂಪು ಗಾರೆಯ ನೆಲ. ಚವರಿಯನ್ನು ಅಮ್ಮ ನೋಡಿದ್ದಳು, ಅವನು ಹಿಮ್ಮಡಿಯನ್ನು ನೋಡಿದ್ದ. ಕಾಫಿ ಲೋಟ ಇಟ್ಟು ಹುಡುಗಿ ತಿರುಗಿ ನಡೆದಾಗ ಹಿಮ್ಮಡಿಯ ಒಡಕಿನಲ್ಲಿ ಮಣ್ಣಿನ ಕಪ್ಪು ಗೆರೆಗಳಿದ್ದವು. ಒಪ್ಪಿಗೆ ಎಂದು ಹೇಳಿದ್ದರೂ ಮದುವೆಯ ತನಕ ಕಣ್ಣು ಮುಚ್ಚಿದರೆ ಆ ಗೆರೆಗಳೇ ಕಾಣುತ್ತಿದ್ದವು. ಮದುವೆಯಾದ ವಾರಕ್ಕೆ ಒಂದು ಪ್ಯೂಮಿಸ್ ಕಲ್ಲು ತಂದು ಬಚ್ಚಲಲ್ಲಿಟ್ಟಿದ್ದ, ಯಾರಿಗೆಂದು ಹೇಳಿರಲಿಲ್ಲ. ಅವಳೂ ಕೇಳದೆ ಉಜ್ಜಿಕೊಂಡಿದ್ದಳು. ಅವಳು ಯಾವುದನ್ನೂ ಕೇಳುತ್ತಿರಲಿಲ್ಲ. ಆರು ವಾರದ ಹಿಂದೆ ಸಿಲ್ಕಿ ಹಜಾರದ ಮೊಸಾಯಿಕ್ ನೆಲದ ಮೇಲೆ ಉಚ್ಚೆ ಹೊಯ್ದು, ಅದರ ಮೇಲೆ ಕಾಲಿಟ್ಟು ಜಾರಿ ಅವಳು ಬಿದ್ದಾಗ, ಆಸ್ಪತ್ರೆಯಿಂದ ಬರುವ ಆಟೋದಲ್ಲೇ ಅವನು ಹೇಳಿದ್ದ, ಇನ್ನು ಸಾಕು, ಯಾರಿಗಾದರೂ ಕೊಟ್ಟುಬಿಡೋಣ ಎಂದು. ಮಗಳು ಮಾಳವಿಕಾ ತಂದ ನಾಯಿ, ಮದುವೆಯಾಗಿ ಮಹಾಲಕ್ಷ್ಮಿ ಲೇಔಟಿಗೆ ಹೋದಾಗ ಅತ್ತೆಮನೆಯವರು ಬೇಡವೆಂದರೆಂದು ಇಲ್ಲೇ ಬಿಟ್ಟುಹೋದದ್ದು. ಮೂರು ವರ್ಷದಿಂದ ಅದು ವತ್ಸಲಳ ಕಾಲ ಬುಡದಲ್ಲೇ ಮಲಗುತ್ತಿತ್ತು. ಅವಳ ಸೀರೆಯಲ್ಲಿ, ತಲೆದಿಂಬಿನಲ್ಲಿ, ಕೊನೆಗೆ ಅವಳ ಕುತ್ತಿಗೆಯಲ್ಲಿ ಅದರ ವಾಸನೆ ಬರತೊಡಗಿದಾಗ ಅವನು ಮಗಳ ಕೋಣೆಗೆ ಹಾಸಿಗೆ ಬದಲಾಯಿಸಿದ್ದ. ಆಗಲೂ ಅವಳು ಕೇಳಲಿಲ್ಲ. ಆಟೋದಲ್ಲಿ, ಮುರಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, "ಸರಿ" ಎಂದಷ್ಟೇ ಅಂದಳು.

ಎಲೆಕ್ಟ್ರಿಷಿಯನ್ ಯಲ್ಲಪ್ಪನ ಮೂಲಕ ಈ ಸಂಬಂಧ ಕುದುರಿತ್ತು. ಸಂಬಂಧ ಎಂಬ ಶಬ್ದ ಯಲ್ಲಪ್ಪನದೇ. ನಾಯಂಡಹಳ್ಳಿಯಲ್ಲಿ ಗೋಡೌನುಗಳಿರುವ ಮಧುಕುಮಾರ್ ಎಂಬವರು, ಈಗ ವಿಜಯನಗರದಲ್ಲಿ ದೊಡ್ಡ ಮನೆ, ಮಗಳಿಗೆ ಬಿಳಿ ಶಿಟ್ಜು ತಳಿಯ ನಾಯಿ ಬೇಕಂತೆ. "ಒಂದೇ ಕಂಡೀಷನ್ನು ಸಾರ್" ಎಂದಿದ್ದ ಯಲ್ಲಪ್ಪ, "ಮಧುಕುಮಾರ್ ಅವರಮ್ಮ ಒಪ್ಬೇಕು. ಕ್ಲೀನಾಗಿ, ಆರೋಗ್ಯವಾಗಿ ಇರ್ಬೇಕಂತೆ. ಇಲ್ಲಾಂದ್ರೆ ಮನೆ ಒಳಗೆ ಸೇರ್ಸಲ್ವಂತೆ."

ಅವನು ಶ್ಯಾಂಪೂ ಸುರಿದು ಕವರಿನ ಕೈಯಲ್ಲಿ ಉಜ್ಜಿದ. ನೊರೆ ಮೊದಲು ಬೂದಿ ಬಣ್ಣಕ್ಕೆ ಬಂತು, ಆಮೇಲೆ ಕಂದು. ಬಾಲದ ಬುಡದಲ್ಲಿ ಕೂದಲಿಗೆ ಅಂಟಿ ಒಣಗಿದ್ದ ಹೇಲು ನೆನೆದು ಮೆತ್ತಗಾಗಿ ಬೆರಳುಗಳ ನಡುವೆ ಜಾರಿತು. ತೆಳ್ಳನೆಯ ಪ್ಲಾಸ್ಟಿಕ್ಕಿನ ಆಚೆ ಅದರ ಬಿಸುಪು ತಿಳಿಯುತ್ತಿತ್ತು. ಕವರಿನೊಳಗೆ ಯಾವಾಗಲೋ ನೀರು ಹೊಕ್ಕಿತ್ತು, ಅವನ ಬೆರಳುಗಳು ಅದೇ ನೀರಿನಲ್ಲಿ ಈಜುತ್ತಿದ್ದವು. ನಾಯಿ ತಲೆ ತಿರುಗಿಸಿ, ಆ ಕೈಯನ್ನೇ, ಕವರಿನ ಮೇಲೆಯೇ, ನೆಕ್ಕಿತು. ಥೂ ಎಂದು ಕೈ ಎಳೆದುಕೊಂಡ. ಅಮ್ಮನೂ ಹೀಗೆಯೇ ಕೈ ಹಿಡಿಯಲು ಬರುತ್ತಿದ್ದಳು. ಎಂಟು ತಿಂಗಳು ಒಳಕೋಣೆಯಲ್ಲಿ ಮಲಗಿದ್ದ ಅಮ್ಮ, ಬೆನ್ನ ಮೇಲೆ ಎರಡು ರೂಪಾಯಿಯಗಲದ ಹುಣ್ಣು, ಆಮೇಲೆ ಅಂಗೈಯಗಲದ್ದು. ವತ್ಸಲಾ ಮತ್ತು ಮನೆಗೆಲಸದ ಪಟಾಲಮ್ಮ ಸೇರಿ ಮಗ್ಗುಲು ಹೊರಳಿಸುತ್ತಿದ್ದರು, ಒರೆಸುತ್ತಿದ್ದರು, ಪುಡಿ ಹಾಕುತ್ತಿದ್ದರು. ಅವನು ದಿನಾ ಬೆಳಿಗ್ಗೆ ಹೊಸ್ತಿಲ ಮೇಲೆ ನಿಂತು ಗಂಧದ ಊದುಬತ್ತಿ ಹಚ್ಚಿ, "ಅಮ್ಮ, ನಿದ್ದೆ ಬಂತಾ" ಎಂದು ಕೇಳಿ, ಉತ್ತರ ಬರುವಷ್ಟರಲ್ಲಿ ಶೂ ಹಾಕಿಕೊಳ್ಳುತ್ತಿದ್ದ. ನೋಡಲು ಬಂದ ನೆಂಟರು ಗಂಧದ ಪರಿಮಳಕ್ಕೆ ಮೂಗರಳಿಸಿ, "ಎಷ್ಟು ಚೆನ್ನಾಗಿ ನೋಡ್ಕೊಂಡಿದೀಯಪ್ಪ, ರೋಗಿ ಇರೋ ಮನೆ ಅಂತ ಗೊತ್ತೇ ಆಗಲ್ಲ" ಎನ್ನುತ್ತಿದ್ದರು. ಅವನು ತಲೆ ತಗ್ಗಿಸಿ ನಗುತ್ತಿದ್ದ. ಹಿಂದೆ ಕಾಫಿ ತಟ್ಟೆ ಹಿಡಿದು ನಿಂತ ವತ್ಸಲಳ ಉಗುರುಗಳು ಡೆಟ್ಟಾಲಿಗೆ ಬೆಳ್ಳಗೆ ಸುಕ್ಕಾಗಿದ್ದವು. ಆ ತಟ್ಟೆಯಿಂದ ಲೋಟ ಎತ್ತಿಕೊಳ್ಳುವಾಗಲೂ ಅವನು ಅವಳ ಬೆರಳು ತಗುಲದ ಹಾಗೆ ಅಂಚನ್ನು ಹಿಡಿಯುತ್ತಿದ್ದ.

ಬಲ ಮುಂಗಾಲಿನ ಕಂಕುಳಲ್ಲಿ ನೊರೆ ಹೋಗುತ್ತಿಲ್ಲವೆಂದು ಕಾಲನ್ನು ಎತ್ತಿದಾಗ ಅಲ್ಲಿ ಕೂದಲಿರಲಿಲ್ಲ, ಒಂದು ಹಲಗೆಯಿತ್ತು. ಅಂಗೈಯಷ್ಟು ಕೂದಲು ಒಂದಕ್ಕೊಂದು ಹೆಣೆದು, ಬಿಗಿದು, ಹಳೆಯ ಜಮಖಾನೆಯ ತುಂಡಿನಂತೆ ದಪ್ಪಗಾಗಿತ್ತು. ವತ್ಸಲಾ ಹೇಳಿದ ಕಂಬಳಿ. ಬಾಚಣಿಗೆ ಇಳಿಯಲಿಲ್ಲ. ಮಾಳವಿಕಾ ಬಿಟ್ಟುಹೋದ ಡಬ್ಬಿಯಿಂದ ಮೊಂಡುತುದಿಯ ಕತ್ತರಿ ತೆಗೆದು ಒಂದು ಅಂಚಿನಿಂದ ಕತ್ತರಿಸತೊಡಗಿದ. ಕಚ್ ಕಚ್ ಎಂದು ನಾಲ್ಕು ಸಲ ಕತ್ತರಿ ಆಡಿದ ಮೇಲೆ ಹಲಗೆ ಮುಚ್ಚಳದ ಹಾಗೆ ತೆರೆದುಕೊಂಡಿತು. ಮೊದಲು ಹೊಡೆದದ್ದು ವಾಸನೆ. ಇದು ಬೇರೆ ವಾಸನೆ, ಸಿಹಿಯಾದದ್ದು, ಅವನಿಗೆ ಗುರುತಿದ್ದದ್ದು. ಆಮೇಲೆ ಕಂಡಿತು. ತೊಳೆದ ಮಾಂಸದಷ್ಟು ಕೆಂಪಗೆ ಒಂದು ಗಾಯ, ಅದರ ನಡುವೆ ಗುಳಿ, ಗುಳಿಯಲ್ಲಿ ಬೆಂದ ಅನ್ನದ ಅಗುಳುಗಳು. ಅಗುಳುಗಳು ಅಲ್ಲಾಡುತ್ತಿದ್ದವು. ಒಂದರ ಮೇಲೊಂದು ಬಿದ್ದು, ತಲೆಯಿಲ್ಲದ ತಲೆಗಳನ್ನೆತ್ತಿ, ಬೆಳಕು ಬಿದ್ದುದಕ್ಕೆ ಅವಸರವಾಗಿ ಮಾಂಸದ ಒಳಕ್ಕೆ ಸರಿಯುತ್ತಿದ್ದವು. ಅವನು ಮೋರಿಯ ಕಡೆಗೆ ಬಾಗಿ ಬೆಳಗಿನ ದೋಸೆಯನ್ನೆಲ್ಲ ಕಕ್ಕಿದ. ಕಕ್ಕಿ ತಲೆಯೆತ್ತಿದಾಗ ನಾಯಿ ಅಲುಗಾಡದೆ ಅಲ್ಲೇ ನಿಂತಿತ್ತು, ಎತ್ತಿದ ಕಾಲನ್ನು ಎತ್ತಿದ ಹಾಗೆಯೇ ಹಿಡಿದುಕೊಂಡು, ಅವನಿಗೆ ತೊಂದರೆ ಆಗಬಾರದೆಂಬಂತೆ.

"ಏನಾಯ್ತ್ರೀ?"

"ಏನಿಲ್ಲ. ಸೋಪಿನ ನೀರು ಬಾಯಿಗೆ ಹೋಯ್ತು."

"ಅದರ ಬಾಯಿಗೆ ಹೋಗದಿದ್ರೆ ಸರಿ" ಎಂದಳು ವತ್ಸಲಾ ಒಳಗಿಂದ. ಹುರುಳಿಕಾಯಿ ಮುರಿಯುವ ಸದ್ದು ಮತ್ತೆ ಶುರುವಾಯಿತು.

ಈಗ ಕರೆಯಬಹುದಿತ್ತು. ಎರಡು ಹೆಜ್ಜೆ ಆಚೆಗೆ ಅವಳಿದ್ದಳು. ವತ್ಸಲಾ, ಇಲ್ಲಿ ನೋಡು ಎಂದರೆ ಕೆಲಸ ಮುಗಿಯುತ್ತಿತ್ತು. ಅವಳು ಬರುತ್ತಿದ್ದಳು, ನೋಡುತ್ತಿದ್ದಳು, ಆ ಮುರಿದ ಕೈಯಲ್ಲೇ ಏನೋ ಮಾಡುತ್ತಿದ್ದಳು. ಆಮೇಲೆ ಅವನ ಕಡೆಗೆ ಒಮ್ಮೆ ತಿರುಗುತ್ತಿದ್ದಳು. ಆರು ವಾರ ದಿನಾ ಬಾಚಿದೆ ಎಂದವನ ಕಡೆಗೆ. ಆ ತಿರುಗುವಿಕೆಯನ್ನು ಅವನು ನೆನೆಸಿಕೊಂಡ. ಅದಲ್ಲದೆ ಗಾಯ ಕಂಡರೆ ಬರುವವರು ಒಪ್ಪುವುದಿಲ್ಲ, ಒಪ್ಪದಿದ್ದರೆ ನಾಯಿ ಇಲ್ಲೇ, ಗಾಯ ಇಲ್ಲೇ, ದಿನಾ ಪಟ್ಟಿ ಬದಲಿಸುವುದು, ಕೀವು, ಹತ್ತಿ, ಆ ಸಿಹಿ ವಾಸನೆ. ಒಪ್ಪಿದರೆ ಸಂಜೆಯೊಳಗೆ ವಿಜಯನಗರಕ್ಕೆ ಹೋಗುತ್ತದೆ. ಇದ್ದವರ ಮನೆ. ನಾಳೆ ಗೊತ್ತಾಗುತ್ತದೆ, ನಾಳೆಯೇ ಡಾಕ್ಟರಿಗೆ ತೋರಿಸುತ್ತಾರೆ, ನಮಗಿಂತ ಒಳ್ಳೆಯ ಡಾಕ್ಟರಿಗೆ. ನಾಯಿಗೇ ಒಳ್ಳೆಯದು. ಈ ಯೋಚನೆ ಎಷ್ಟು ಸಲೀಸಾಗಿ ಬಂತೆಂದರೆ, ಕಾಲನ್ನು ಕೆಳಗಿಳಿಸುವಾಗ ಅವನಿಗೆ ಒಂದು ರೀತಿಯ ಸಮಾಧಾನವೇ ಆಯಿತು. ಕತ್ತರಿಸಿದ ಮುಚ್ಚಳವನ್ನು ಕಾಗದದಲ್ಲಿ ಸುತ್ತಿ, ಕಾಗದವನ್ನು ಕವರಿನಲ್ಲಿ ಸುತ್ತಿ, ಕವರನ್ನು ಕಾಂಪೌಂಡಿನಾಚೆಯ ಖಾಲಿ ಸೈಟಿಗೆ ಎಸೆದ. ಗಾಯದ ಮೇಲೆ ಟಾಲ್ಕಂ ಪೌಡರನ್ನು ಡಬ್ಬಿ ಅರ್ಧವಾಗುವ ತನಕ ಉದುರಿಸಿದ. ಪೌಡರಿನ ಬಿಳಿಯಲ್ಲಿ ಸ್ವಲ್ಪ ಹೊತ್ತು ಏನೂ ಅಲುಗಾಡಲಿಲ್ಲ, ಆಮೇಲೆ ಅಲ್ಲಲ್ಲಿ ಬಿರುಕು ಬಿಟ್ಟಿತು.

ಮಧ್ಯಾಹ್ನ ಹೇರ್ ಡ್ರೈಯರಿನಲ್ಲಿ ಒಣಗಿಸಿದ. ದೂರದಿಂದ, ಮೇಲಿಂದ. ಮೇಲುಗೂದಲು ಒಣಗಿ, ಅರಳಿ, ಮತ್ತೆ ಹತ್ತಿಯ ಮೂಟೆಯಾಯಿತು. ತಲೆಯ ಮೇಲಿನ ಕೂದಲನ್ನು ಗುಂಪಾಗಿ ಹಿಡಿದು ಗುಲಾಬಿ ರಿಬ್ಬನ್ ಕಟ್ಟಿದ. ಮಾಳವಿಕಾ ಯಾವುದೋ ಹುಟ್ಟುಹಬ್ಬಕ್ಕೆ ಹೊಲಿಸಿದ್ದ ಕೆಂಪು ವೆಲ್ವೆಟ್ಟಿನ ಅಂಗಿ ಕಂಕುಳನ್ನು ಸರಿಯಾಗಿ ಮುಚ್ಚುತ್ತಿತ್ತು. ತೋಳಿಗೆ ಕಾಲು ತೂರಿಸುವಾಗ ಮೊದಲ ಸಲ ನಾಯಿ ಸಣ್ಣಗೆ ಕುಂಯ್ಗುಟ್ಟಿತು. ಅವನು "ಆಯ್ತು, ಆಯ್ತು" ಎಂದ, ಯಾರಿಗೋ ಹೇಳುವ ಹಾಗೆ. ಹಜಾರಕ್ಕೆ ತಂದು ಬಿಟ್ಟಾಗ ವತ್ಸಲಾ ಕುರ್ಚಿಯಿಂದ ನೋಡಿ, "ಚೆನ್ನಾಗಿ ಮಾಡಿದೀರ" ಎಂದಳು. ಅವಳ ಕಣ್ಣು ತುಂಬಿತ್ತು. "ನಾನಂದ್ಕೊಂಡಿದ್ದೆ ನೀವು ಮುಟ್ಟೋದೇ ಇಲ್ಲ ಅಂತ. ಆರು ವಾರ ದಿನಾ ಬಾಚಿದೀರ, ಸುಮ್ನೆ ಏನಲ್ಲ. ನಿಮ್ಮ ಬಗ್ಗೆ ತಪ್ಪು ತಿಳ್ಕೊಂಡಿದ್ದೆ." ಎಡಗೈಯಿಂದ ನಾಯಿಯ ತಲೆ ಸವರಿ, ಅದೇ ಕೈಯಿಂದ, ಎಷ್ಟೋ ವರ್ಷಗಳ ಮೇಲೆ, ಅವನ ಮುಂಗೈ ಮುಟ್ಟಿದಳು. ಅವನು ಕೈ ಹಿಂದಕ್ಕೆ ತೆಗೆಯಲಿಲ್ಲ. ತೆಗೆಯದೆ ಇರಲು ಇಡೀ ತೋಳನ್ನು ಬಿಗಿ ಮಾಡಬೇಕಾಯಿತು. ಉಗುರಿನ ಸಂದಿಯಲ್ಲಿ ಪೌಡರ್ ಉಳಿದಿತ್ತು.

ನಾಲ್ಕಕ್ಕೆ ಸರಿಯಾಗಿ ಬಂದರು. ಮಧುಕುಮಾರ್ ದೊಡ್ಡ ಕಾರನ್ನು ಎದುರು ಮನೆಯ ಗೇಟಿಗೆ ಅಡ್ಡ ನಿಲ್ಲಿಸಿ, "ಎರಡೇ ನಿಮಿಷ ಅಣ್ಣ" ಎಂದು ಆ ಮನೆಯವರಿಗೆ ಕೈಯೆತ್ತಿ ಒಳಗೆ ಬಂದ. ಜೊತೆಗೆ ಹನ್ನೊಂದು ಹನ್ನೆರಡರ ಮಗಳು ಕವನಾ, ಮತ್ತು ಅವನ ತಾಯಿ ಅಕ್ಕಯ್ಯಮ್ಮ. ಎಪ್ಪತ್ತೈದರ ಆಸುಪಾಸಿನ, ಗಟ್ಟಿ ಮೂಳೆಯ ಹೆಂಗಸು, ರೇಷ್ಮೆ ಸೀರೆಯನ್ನು ಗೊಬ್ಬರ ಹೊರಲು ಹೊರಟವರಂತೆ ಮೇಲೆತ್ತಿ ಸಿಕ್ಕಿಸಿದ್ದಳು. ಕವನಾ "ಸೋ ಕ್ಯೂಟ್ ಅಪ್ಪಾ" ಎಂದು ಮಂಡಿಯೂರಿಬಿಟ್ಟಳು. ಸಿಲ್ಕಿ ಬಾಲ ಆಡಿಸುತ್ತ ಕುಂಟುವುದನ್ನು ಅಡಗಿಸಿಕೊಂಡ ಹಾಗೆ ಹತ್ತಿರ ಹೋಯಿತು.

"ಒಳ್ಳೆ ಮೇಂಟೇನ್ ಮಾಡಿದೀರ ಸಾರ್" ಎಂದ ಮಧುಕುಮಾರ್. "ನಮ್ಮ ಫ್ರೆಂಡ್ ಮನೆಲೂ ಐತೆ ಒಂದು, ಕಾರ್ಪೆಟ್ ಥರ ನಾರ್ತದೆ. ಇದೇನ್ ಸಾರ್, ಒಳ್ಳೆ ಪೌಡರ್ ಘಮ ಬರ್ತೈತೆ."

"ದಿನಾ ಬಾಚ್ತೀವಿ" ಎಂದ ಜಗನ್ನಾಥ.

"ಇವರೇ" ಎಂದಳು ವತ್ಸಲಾ. "ನನ್ನ ಕೈ ಹೀಗಾದ ಮೇಲೆ ಎಲ್ಲ ಇವರದೇ."

ಅಕ್ಕಯ್ಯಮ್ಮ ಸೋಫಾದ ಮೇಲೆ ಕೂರಲಿಲ್ಲ. ಚಪ್ಪಲಿ ಬಿಟ್ಟು ನೆಲಕ್ಕೇ ಕೂತು, "ಬಾರವ್ವ ಇಲ್ಲಿ" ಎಂದು ನಾಯಿಯನ್ನು ಮಡಿಲಿಗೆ ಎಳೆದುಕೊಂಡಳು. "ನಾವು ಹಸ ಎಮ್ಮೆ ಕಟ್ಟಿದೋರಪ್ಪ. ಆ ಮೆಟ್ರೋ ಕಂಬ ಐತಲ್ಲ ನಾಯಂಡಳ್ಳಿಲಿ, ಅಲ್ಲೇ ನಮ್ಮ ಕೊಟ್ಟಿಗೆ ಇದ್ದಿದ್ದು. ಕರ ತಗೊಳ್ಳೋದಾದ್ರೂ ಬಾಯಿ ನೋಡಿ, ಮೈ ಸವರಿ ತಗೊಳ್ಳೋದು. ಬೇಜಾರ್ ಮಾಡ್ಕೋಬೇಡಿ." ತುಟಿ ಎತ್ತಿ ಹಲ್ಲು ನೋಡಿದಳು. ಕಿವಿಯನ್ನು ಮಡಚಿ ಮೂಗಿನ ಹತ್ತಿರ ತಂದು ಮೂಸಿದಳು. ಹೀಗೆ ಮೂಸಲು ಮನುಷ್ಯರಿಗೆ ಹೇಗೆ ಸಾಧ್ಯ ಎಂದು ಜಗನ್ನಾಥ ಅಸಹ್ಯಪಡುತ್ತಿದ್ದಂತೆಯೇ ಅವಳ ಮೂಗು ಕಿವಿಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಕೆಂಪು ವೆಲ್ವೆಟ್ಟಿಗೆ ಇಳಿದು, ಅಲ್ಲಿ ನಿಂತಿತು.

"ಈ ಸೆಕೆಲಿ ಇದಕ್ಯಾಕೆ ಅಂಗಿ?"

"ಅದು, ಹೊಸಬರು ಬರ್ತಾರೆ ಅಂತ" ಎಂದ ಜಗನ್ನಾಥ. "ಇರ್ಲಿ ಬಿಡಿ, ತೆಗೆದ್ರೆ ಗಾಬರಿಯಾಗತ್ತೆ ಅದಕ್ಕೆ."

"ಅಜ್ಜಿ, ಡ್ರೆಸ್ ಬಿಚ್ಬೇಡ, ಚೆನ್ನಾಗಿದೆ" ಎಂದಳು ಕವನಾ.

ಅಕ್ಕಯ್ಯಮ್ಮ ಇಬ್ಬರ ಮಾತನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ. ಬೆನ್ನ ಮೇಲಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಮಗುವಿನ ಅಂಗಿ ತೆಗೆಯುವ ಹಾಗೆ ಕಾಲನ್ನು ಮಡಚಿ ಹೊರಗೆ ತೆಗೆದಳು. ಪೌಡರ್ ಮೊಸಾಯಿಕ್ ನೆಲದ ಮೇಲೆ ಉದುರಿತು, ಅದರ ಜೊತೆಗೆ ಎರಡು ಬಿಳಿ ಅಗುಳು. ಅವು ನೆಲದ ಮೇಲೆ ನಿಧಾನವಾಗಿ ಹೊರಳಿದವು. ಕವನಾ ಹಿಂದಕ್ಕೆ ಸರಿದು ಅಪ್ಪನ ಕಾಲಿಗೆ ಅಂಟಿಕೊಂಡಳು. ಅಕ್ಕಯ್ಯಮ್ಮ ನಾಯಿಯ ಕಾಲನ್ನು ಮೆಲ್ಲಗೆ ಮೇಲೆತ್ತಿ, ಕನ್ನಡಕ ಹಣೆಗೇರಿಸಿ ನೋಡಿದಳು. ಗಾಯದ ಸುತ್ತ ಕತ್ತರಿಸಿದ ಕೂದಲಿನ ಅಂಚಿನ ಮೇಲೆ ಹೆಬ್ಬೆರಳನ್ನು ಒಂದು ಸುತ್ತು ಆಡಿಸಿದಳು. ಅಂಚು ಇನ್ನೂ ಮೊನಚಾಗಿತ್ತು. ಆಮೇಲೆ ಕಣ್ಣೆತ್ತಿ ಜಗನ್ನಾಥನ ಕೈಯನ್ನು ನೋಡಿದಳು, ಮುಖವನ್ನಲ್ಲ.

"ಹುಳ ಬಿದ್ದವೆ" ಎಂದಳು.

ಮಧುಕುಮಾರ್ ಗಂಟಲು ಸರಿ ಮಾಡಿಕೊಂಡು, "ಅಮ್ಮ, ಹೋಗ್ಲಿ ಬಿಡು, ಇನ್ನೊಂದ್ ದಿನ ಬರೋಣ" ಎಂದ. ಸಾರ್ ಎಂಬ ಶಬ್ದ ಅವನ ಬಾಯಿಂದ ಮಾಯವಾಗಿತ್ತು. ಜಗನ್ನಾಥ ನೆಲದ ಮೇಲಿನ ಎರಡು ಹುಳುಗಳನ್ನೇ ನೋಡುತ್ತಿದ್ದ. ಒಂದು ಹುಳು ಸೋಫಾದ ಕಾಲಿನ ಕಡೆಗೆ ಹೊರಟಿತ್ತು. ಅದು ತಲುಪುವುದರೊಳಗೆ ಏನಾದರೂ ಹೇಳಬೇಕು ಎಂದುಕೊಂಡ. ಗೊತ್ತಿರಲಿಲ್ಲ ಎನ್ನುವುದೇ, ಬೆಳಿಗ್ಗೆ ಇರಲಿಲ್ಲ ಎನ್ನುವುದೇ. ನಾಲಿಗೆ ಎರಡರ ರುಚಿಯನ್ನೂ ನೋಡುತ್ತಿರುವಾಗ ವತ್ಸಲಾ ಎದ್ದಳು. ಅವಳ ಮುಖದಲ್ಲಿ ಬಣ್ಣವಿರಲಿಲ್ಲ. ಅವನ ಕಡೆಗೆ ತಿರುಗಲಿಲ್ಲ. ಅವನು ಬೆಳಗಿನಿಂದ ಹೆದರಿದ್ದ ಆ ತಿರುಗುವಿಕೆ ಬರಲೇ ಇಲ್ಲ.

"ನನ್ನದೇ ತಪ್ಪಮ್ಮ" ಎಂದಳು ಅಕ್ಕಯ್ಯಮ್ಮನಿಗೆ. "ಇವರಿಗೆ ಇದೆಲ್ಲ ಗೊತ್ತಾಗಲ್ಲ. ಕಂಕುಳಲ್ಲಿ ನೋಡ್ಬೇಕು ಅಂತ ನಾನೇ ಹೇಳಿಕೊಟ್ಟಿಲ್ಲ. ಕೈ ನೋವು ಅಂತ ನಾನು ಅದರ ಕಡೆಗೆ ತಿರುಗಿ ನೋಡ್ಲಿಲ್ಲ."

ಹೇಳಿಕೊಟ್ಟಿದ್ದಳು. ಕಂಕುಳು ಎಂಬ ಶಬ್ದವನ್ನೇ ಹೇಳಿದ್ದಳು. ಈಗ ಇಲ್ಲ ಎನ್ನಬೇಕಾದವನು ತಾನು. ಅವನು ಬಾಯಿ ತೆರೆದ, ತೆರೆದ ಬಾಯಿಂದ ಬಂದದ್ದು, "ಹೌದು, ಅವಳ ಕೈ ಮುರಿದಿತ್ತಲ್ಲ, ಪಾಪ" ಎಂಬ ಮಾತು. ಹೇಳಿದ ಮೇಲೆ ಅದು ತನ್ನ ದನಿಯೇ ಎಂದು ತಿಳಿಯಿತು. ಹೊಸ್ತಿಲ ಮೇಲೆ ನಿಂತು ನಿದ್ದೆ ಬಂತಾ ಎಂದು ಕೇಳುತ್ತಿದ್ದ ದನಿ. ಅದರ ಇಂಪಿಗೆ ಅವನಿಗೇ ವಾಕರಿಕೆ ಬಂತು. ಎಂಟು ತಿಂಗಳು ಮುಚ್ಚಿದ ಕೋಣೆಯಲ್ಲಿ, ಆರು ವಾರ ಈ ಓಣಿಯಲ್ಲಿ, ಮೂಗು ಮುಚ್ಚಿಕೊಂಡು ಅವನು ತಪ್ಪಿಸಿಕೊಳ್ಳುತ್ತಿದ್ದದ್ದು ಯಾವುದರಿಂದ, ನಾರುತ್ತಿದ್ದದ್ದು ಯಾವುದು.

ಅಕ್ಕಯ್ಯಮ್ಮ ವತ್ಸಲಳ ಸಿಮೆಂಟಿನ ಕೈಯನ್ನು ಒಮ್ಮೆ ನೋಡಿ, "ಆಗ್ತದೆ ಬುಡವ್ವ" ಎಂದಳು. "ಹಸಕ್ಕೂ ಬೀಳ್ತವೆ, ಮನ್ಸರಿಗೂ ಬೀಳ್ತವೆ. ಒಂದು ಹಳೆ ಬಟ್ಟೆ ಕೊಡು. ಲೋ ಮಧು, ನಾಗರಬಾವಿಲಿ ಭಾನುವಾರ ತೆಗೆದಿರೋ ದನದ ಡಾಕ್ಟ್ರು ಅವ್ನಲ್ಲ, ಫೋನ್ ಹಾಕು."

"ಅಮ್ಮ, ಇದನ್ನ ತಗೊಂಡೋಗದಾ?"

"ಮತ್ತೆ, ಇಲ್ಲಿ ಬುಟ್ಟೋಗಾದಾ?" ಎಂದಳು ಅಕ್ಕಯ್ಯಮ್ಮ.

ಅಷ್ಟೇ. ಅವನು ಬಯಸಿದ್ದೇ ಆಯಿತು. ವತ್ಸಲಾ ಒಳಗೆ ಹೋಗಿ ಹಳೆಯ ಸೀರೆಯ ತುಂಡು ತಂದಳು, ಒಂದು ಕೈಯಲ್ಲಿ ಸುತ್ತಲಾಗದೆ ಅಕ್ಕಯ್ಯಮ್ಮನಿಗೆ ಕೊಟ್ಟಳು. ಸಿಲ್ಕಿಯ ಹಣೆಗೆ ಹಣೆ ಹಚ್ಚಿ ಏನೋ ಹೇಳಿದಳು, ಅವನಿಗೆ ಕೇಳಿಸಲಿಲ್ಲ. ಆಮೇಲೆ ಮೂಲೆಯ ಪ್ಲಾಸ್ಟಿಕ್ ಡಬ್ಬಿ, ಬಾಚಣಿಗೆ, ಲಸಿಕೆಯ ಪುಸ್ತಕ ಎಲ್ಲವನ್ನೂ ಚೀಲಕ್ಕೆ ಹಾಕಿ ಮಧುಕುಮಾರನ ಕೈಗಿತ್ತು, "ಬಾಚೋವಾಗ ಪದರ ಎತ್ತಿ ಬಾಚಬೇಕು" ಎಂದು ಕವನಾಗೆ ಹೇಳಿ ಅಡುಗೆಮನೆಗೆ ನಡೆದಳು. ಗೇಟಿನ ತನಕ ಬರಲಿಲ್ಲ.

ಬೀದಿಯಲ್ಲಿ ಎದುರು ಮನೆಯವರು ಆಗಲೇ ಹಾರ್ನ್ ಮಾಡುತ್ತಿದ್ದರು. ಮಧುಕುಮಾರ್ ಅವಸರದಲ್ಲಿ ಕಾರು ಹತ್ತಿದ. ಅಕ್ಕಯ್ಯಮ್ಮ ಹಿಂದಿನ ಸೀಟಿನಲ್ಲಿ ನಾಯಿಯನ್ನು ಮಡಿಲಲ್ಲಿಟ್ಟುಕೊಂಡು, ಗಾಯದ ಕಡೆ ಮೇಲೆ ಬರುವಂತೆ ಮಲಗಿಸಿಕೊಂಡು ಕೂತಳು, ಪಕ್ಕದಲ್ಲಿ ಕವನಾ. ಜಗನ್ನಾಥ ಗೇಟಿನಲ್ಲಿ ನಿಂತಿದ್ದ. ಇನ್ನು ಅರ್ಧ ನಿಮಿಷ. ಕಾರು ತಿರುವು ದಾಟಿದರೆ ಆರು ವಾರವೂ ಎಂಟು ತಿಂಗಳೂ ಅದರ ಜೊತೆ ಹೋಗುತ್ತವೆ, ವತ್ಸಲಾ ಏನನ್ನೂ ಕೇಳುವುದಿಲ್ಲ, ಸಂಜೆಗೆ ಹುರುಳಿಕಾಯಿ ಪಲ್ಯ ಇರುತ್ತದೆ. ಅವನ ಕಾಲುಗಳು ರಸ್ತೆಗಿಳಿದವು. ಇಳಿದಿದ್ದ ಗಾಜಿನ ಅಂಚಿನ ಮೇಲೆ ಕೈಯಿಟ್ಟು ಬಗ್ಗಿದ. ಒಳಗಿನಿಂದ ಆ ಸಿಹಿ ವಾಸನೆ ಮುಖಕ್ಕೆ ಹೊಡೆಯಿತು.

"ಅಮ್ಮ" ಎಂದ. "ಅವಳಿಗೆ ಗೊತ್ತಿರ್ಲಿಲ್ಲ. ಹೇಳಿಕೊಟ್ಟಿದ್ಲು, ನಾನೇ ಮಾಡ್ಲಿಲ್ಲ. ಬೆಳಿಗ್ಗೆ ಸ್ನಾನ ಮಾಡಿಸುವಾಗ ಹುಳ ನೋಡಿದೆ. ನೋಡಿ ಪೌಡರ್ ಹಾಕ್ದೆ."

ಅಕ್ಕಯ್ಯಮ್ಮ ಸೀರೆಯ ತುಂಡಿನ ಅಂಚನ್ನು ನಾಯಿಯ ಕತ್ತಿನ ಕೆಳಗೆ ಸರಿ ಮಾಡುತ್ತಿದ್ದಳು. ಮುಖದಲ್ಲಿ ಕೋಪವಿರಲಿಲ್ಲ, ಆಶ್ಚರ್ಯವೂ ಇರಲಿಲ್ಲ.

"ಗೊತ್ತು ಕಣಪ್ಪ" ಎಂದಳು. "ಆವಮ್ಮಂಗೂ ಗೊತ್ತು. ಕೈ ತೆಗಿ, ಗ್ಲಾಸು ಏರಿಸ್ಬೇಕು, ಏಸಿ ಹಾಕವ್ನೆ."

ಅವನು ಕೈ ತೆಗೆದ. ಗಾಜು ಮೇಲೇರಿತು. ಒಳಗೆ ಕವನಾ ಒಂದು ಕೈಯಲ್ಲಿ ಮೂಗನ್ನು ಬಿಗಿಯಾಗಿ ಹಿಡಿದುಕೊಂಡು, ಮುಖವನ್ನೆಲ್ಲ ಕಿವುಚಿಕೊಂಡು, ಇನ್ನೊಂದು ಕೈಯಲ್ಲಿ ನಾಯಿಯ ಬೆನ್ನನ್ನು ಸವರುತ್ತಿದ್ದಳು.